ಮನೆಗೇ ಬಂದು ವೀಲ್ ಬೇರಿಂಗ್ ಹಾಕಿಕೊಡ್ತೇನೆ ಅಂದರೆ, ಪ್ರೆಸ್ (ಒತ್ತಿ ಕೂರಿಸುವ ಯಂತ್ರ) ಎಲ್ಲಿದೆ ಅಂತ ಮೊದಲು ಕೇಳಿ

ಶಿರಸಿ, ಸಿದ್ದಾಪುರ, ಕುಮಟಾ ಕಡೆ ಕಾರು ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಂದಿನ ಚಕ್ರದ ಬೇರಿಂಗನ್ನು (ಚಕ್ರ ಸಲೀಸಾಗಿ ತಿರುಗಲಿ ಅಂತ ಎರಡು ಉಂಗುರಗಳ ನಡುವೆ ಗುಂಡು ಇಟ್ಟ ಭಾಗ) ಅಂಗಳದಲ್ಲಿ ಸುತ್ತಿಗೆಯಿಂದ ಬಡಿದು ಕೂರಿಸಲು ಯಾರಿಗೂ ಬಿಡಬೇಡಿ. ನಮ್ಮ ಕಾರಿಗೆ ಹಾಗೇ ಮಾಡಿದರು. ಮಳೆಗಾಲ ಮುಗಿಯುವ ಮೊದಲೇ ಹೊಸ ಬೇರಿಂಗ್ ಹಾಳಾಯಿತು. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್‌ನ ದೀಪ ಹೊತ್ತಿಕೊಂಡು ಆರಲೇ ಇಲ್ಲ. ಕೊನೆಗೆ ದೇವಿಮನೆ ಘಟ್ಟ ಇಳಿಯುವಾಗ ಬ್ರೇಕ್ ಪೆಡಲ್ ಒಮ್ಮೆ ಮಾಮೂಲಿಗಿಂತ ಜಾಸ್ತಿ ಒಳಗೆ ಹೋಯಿತು.

ಶಬ್ದ ಬೇರಿಂಗಿನದ್ದೇ, ಅದರಲ್ಲಿ ಅನುಮಾನ ಇರಲಿಲ್ಲ. ವೇಗ ಹೆಚ್ಚಿದಂತೆ ಗುಂಯ್ ಅನ್ನುವುದೂ ಹೆಚ್ಚುತ್ತಿತ್ತು. ಹೆದ್ದಾರಿ 66ರಲ್ಲಿ, ಸಮತಟ್ಟಾದ ಖಾಲಿ ಜಾಗದಲ್ಲಿ ನ್ಯೂಟ್ರಲ್ ಮಾಡಿದರೂ ಹಾಗೇ ಇತ್ತು. ಹಾಗಾಗಿ ಎಂಜಿನ್ನಿನ ಸದ್ದಲ್ಲ. (ಈ ಪರೀಕ್ಷೆಯನ್ನು ಘಟ್ಟದಲ್ಲಿ ಮಾತ್ರ ಮಾಡಬೇಡಿ, ದಯವಿಟ್ಟು.) ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡಗಡೆ ಚಕ್ರದ ಮೇಲೆ ಬೀಳುತ್ತದೆ. ಆಗ ಶಬ್ದ ಜಾಸ್ತಿ ಆಗುತ್ತಿತ್ತು, ಎಡಕ್ಕೆ ತಿರುಗಿದರೆ ತಗ್ಗುತ್ತಿತ್ತು. ಅಂದರೆ ಎಡಗಡೆಯದ್ದು. ಚಕ್ರ ಎತ್ತಿ, ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಬೆರಳಿಟ್ಟು ಚಕ್ರ ತಿರುಗಿಸಿದರೆ ಜುಮ್ಮೆನ್ನುವುದು ಕೈಗೇ ಗೊತ್ತಾಗುತ್ತಿತ್ತು. ಆದರೆ ಚಕ್ರ ಹಿಡಿದು ಅಲ್ಲಾಡಿಸಿದಾಗ ಆಟ, ಅಂದರೆ ಸಡಿಲ, ಏನೂ ಇರಲಿಲ್ಲ. ಆಟ ಇಲ್ಲ ಅಂದಮಾತ್ರಕ್ಕೆ ಬೇರಿಂಗ್ ಸರಿ ಇದೆ ಅಂತಲ್ಲ. ಟೈರ್ ಅಲೆಅಲೆಯಾಗಿ ಸವೆದಿದ್ದರೂ ಇಂಥದೇ ಸದ್ದು ಬರುತ್ತದೆ, ಹಾಗಾಗಿ ಹಿಂದಿನ ಟೈರ್ ಮುಂದೆ ಹಾಕಿ ಒಮ್ಮೆ ನೋಡುವುದು ಒಳ್ಳೆಯದು.

ಗ್ಯಾರೇಜಿಗೆ ಒಯ್ಯುವುದು ಬೇಡ, ಮನೆಗೇ ಬಂದು ಮಾಡಿಕೊಡ್ತೇನೆ ಎಂದ ಮೆಕ್ಯಾನಿಕ್ ಒಬ್ಬರು ಬೈಕಿನಲ್ಲಿ ಸಾಮಾನು ಚೀಲ ಹಾಕಿಕೊಂಡು ಬಂದರು. ಜಾಕಿ ಕೊಟ್ಟು ಎತ್ತಿ, ಗಾಡಿಯ ಅಡಿಗೆ ಎರಡು ಚಿರೆಕಲ್ಲು ಇಟ್ಟರು. ನನಗೆ ಅಲ್ಲೇ ಎದೆ ಧಸಕ್ ಎಂದಿತು. ಚಿರೆಕಲ್ಲು ಗೋಡೆಗೆ ಸರಿ. ಲೋಹದ ಅಂಚು ಒಂದೇ ಕಡೆ ಒತ್ತಿದರೆ ಅದು ಸೀಳುತ್ತದೆ, ಅದರಲ್ಲೂ ಮಳೆಯಲ್ಲಿ ನೆನೆದ ಕಲ್ಲು. ಜಾಕ್ ಸ್ಟ್ಯಾಂಡ್ ಇಲ್ಲದವರು ಗಾಡಿಯ ಅಡಿಗೆ ಹೋಗಲೇಬಾರದು. ನಾನು ಪಕ್ಕದ ಮನೆಯಿಂದ ದಪ್ಪ ಮರದ ದಿಮ್ಮಿ ತರಿಸಿ ಇಡಿಸಿದೆ.

ಬ್ರೇಕಿನ ಕ್ಯಾಲಿಪರ್, ಡಿಸ್ಕ್, ಟೈ ರಾಡ್, ಬಾಲ್ ಜಾಯಿಂಟ್ ಬಿಚ್ಚಿ ನಕಲ್ (knuckle, ಬೇರಿಂಗ್ ಕೂರುವ ಲೋಹದ ತುಂಡು) ಹೊರಗೆ ತೆಗೆದದ್ದು ಚೊಕ್ಕವಾಗಿಯೇ ಆಯಿತು. ಕಷ್ಟ ಶುರುವಾಗಿದ್ದು ಆಮೇಲೆ. ಚಕ್ರ ಕೂರುವ ಹಬ್ ಹೊರಗೆ ಬರುವಾಗ ಹಳೆ ಬೇರಿಂಗಿನ ಒಳ ಉಂಗುರದ ಅರ್ಧ ಭಾಗ ಅದಕ್ಕೇ ಅಂಟಿಕೊಂಡು ಬಂತು. ಇದು ಸಾಮಾನ್ಯ. ಅದನ್ನು ಪುಲ್ಲರ್ ಹಾಕಿ ಎಳೆಯಬೇಕು. ಇವರು ಗ್ರೈಂಡರ್ ಹಚ್ಚಿ ಕೊಯ್ದು, ಚಾಣದಿಂದ ಬಡಿದರು. ಕೊಯ್ದ ಗೆರೆ ಹಬ್ಬಿನ ಮೈಗೂ ಇಳಿದಿತ್ತು. "ಪ್ರೆಸ್ಸಿಗೆ ಒಯ್ಯೋಣ್ವಾ, ಲೇತ್ ಅಂಗಡಿಯಲ್ಲಿ ಮಾಡಿಕೊಡ್ತಾರಲ್ಲ" ಎಂದೆ. "ಹೆಗಡೇರೆ, ಪ್ರೆಸ್ ಗಿಸ್ ಎಲ್ಲ ಎಂತಕ್ಕೆ? ಅದೆಲ್ಲ ದುಡ್ಡು ತೆಗೆಯೋರ ಮಾತು. ನಾನು ಎಷ್ಟೋ ಗಾಡಿಗೆ ಹೀಗೇ ಹಾಕಿದ್ದೇನೆ" ಎಂದರು. ಹೊಸ ಬೇರಿಂಗನ್ನು ನಕಲ್ ಬಾಯಿಗೆ ಇಟ್ಟು, ಮೇಲೆ ಪೈಪಿನ ತುಂಡು ಇಟ್ಟು ಬಾರಿಸತೊಡಗಿದರು. ಪೈಪಿನ ಅಂಚು ಕೂತಿದ್ದು ಒಳ ಉಂಗುರದ ಮೇಲೆ.

ಬೇರಿಂಗ್ ಹಾಳಾಗಿದ್ದು ಅಲ್ಲೇ. ನಕಲ್ ಒಳಗೆ ಕೂರಿಸುವಾಗ ಒತ್ತಡ ಹೊರ ಉಂಗುರದ ಮೇಲೆ ಮಾತ್ರ ಬೀಳಬೇಕು. ಹಬ್ ಸೇರಿಸುವಾಗ ಒಳ ಉಂಗುರಕ್ಕೆ ಕೆಳಗಿನಿಂದ ಆಸರೆ ಇರಬೇಕು. ಈ ಎರಡರಲ್ಲಿ ಯಾವುದು ತಪ್ಪಿದರೂ ಪೆಟ್ಟು ಗುಂಡುಗಳ ಮೂಲಕ ದಾಟುತ್ತದೆ, ಗುಂಡು ಓಡುವ ಹಾದಿಯಲ್ಲಿ ಸಣ್ಣ ಕುಳಿ ಬೀಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ಗಾಡಿ ಒಂದು ಸುತ್ತು ಓಡುವ ಮೊದಲೇ ಬೇರಿಂಗಿನ ಆಯಸ್ಸು ಮುಗಿದಿರುತ್ತದೆ.

ಎಬಿಎಸ್ ದೀಪದ ಕತೆ ಬೇರೆ, ಮತ್ತು ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ ಅನ್ನಿಸುತ್ತದೆ. ಈಗಿನ ಬಹಳಷ್ಟು ಕಾರುಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಚಕ್ರದ ವೇಗವನ್ನು ಸೆನ್ಸರ್ ಓದುವುದು ಅದರಿಂದ. ಆ ಬದಿ ಸೆನ್ಸರ್ ಕಡೆಗೇ ಇರಬೇಕು. ಉಲ್ಟಾ ಹಾಕಿದರೆ ಗಾಡಿ ಹೊರಟು ತುಸು ದೂರ ಹೋಗುತ್ತಲೇ ದೀಪ ಹೊತ್ತುತ್ತದೆ, ಎಬಿಎಸ್ ಕೆಲಸ ಮಾಡುವುದಿಲ್ಲ. ನಮಗೆ ಬಂದ ಉತ್ತರ ಏನು ಗೊತ್ತಾ? "ಸೆನ್ಸರ್ ಹೋಗಿದೆ, ಹೊಸದು ತರಿಸಿ." ಅಷ್ಟರವರೆಗೆ ಸರಿ ಇದ್ದ ಸೆನ್ಸರ್ ಬೇರಿಂಗ್ ಹಾಕಿದ ದಿನವೇ ಯಾಕೆ ಹೋಗಬೇಕು? ಹೊಸ ಬೇರಿಂಗ್ ಡಬ್ಬಿಯಿಂದ ತೆಗೆದಾಗ ಎರಡೂ ಬದಿಗೆ ಒಂದು ಪೇಪರ್ ಕ್ಲಿಪ್ ಹಿಡಿದು ನೋಡಿ, ಅಂಟುವ ಬದಿಯೇ ಅದು. ಬೇರಿಂಗನ್ನು ಮೆಕ್ಯಾನಿಕ್‌ಗಳ ಅಯಸ್ಕಾಂತದ ತಟ್ಟೆಯಲ್ಲಿ ಮಾತ್ರ ಇಡಬೇಡಿ, ಪಟ್ಟಿ ಹಾಳಾಗಬಹುದು.

ಕೆಲವೇ ವಾರದಲ್ಲಿ ಗುಂಯ್ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಫೋನ್ ಮಾಡಿದರೆ "ಹೊಸದಲ್ವಾ, ಸೆಟ್ ಆಗ್ಬೇಕು" ಎಂದರು. ಬೇರಿಂಗ್ ಸೆಟ್ ಆಗುವುದು ಅಂತ ಏನೂ ಇಲ್ಲ. ಹೊಸದು ಮೊದಲ ದಿನದಿಂದಲೇ ಸುಮ್ಮನಿರಬೇಕು. ಆಮೇಲಿನದ್ದೇ ದೇವಿಮನೆಯ ಘಟನೆ. ಹಬ್ ಅಲುಗಿದರೆ ಡಿಸ್ಕೂ ಅಲುಗುತ್ತದೆ, ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ. ಮುಂದಿನ ಸಲ ಪೆಡಲ್ ಒತ್ತಿದಾಗ ಪ್ಯಾಡ್ ಆ ಅಂತರ ದಾಟಿ ಡಿಸ್ಕ್ ಮುಟ್ಟಬೇಕು. ಎರಡನೇ ಸಲ ಒತ್ತಿದಾಗ ಬ್ರೇಕ್ ಹಿಡಿಯಿತು. ಮಂಜು, ಒದ್ದೆ ರಸ್ತೆ, ಮುಂದೆ ಲಾರಿ. ಜಾಸ್ತಿ ಹೇಳುವುದು ಬೇಡ.

ಲೇತ್ ಅಂಗಡಿಯವರು ಬಿಚ್ಚಿ ತೋರಿಸಿದಾಗ ಎಲ್ಲ ಗೊತ್ತಾಯಿತು. ಬೇರಿಂಗ್ ಪೂರ್ತಿ ಒಳಗೆ ಹೋಗಿರಲೇ ಇಲ್ಲ. ಹಾಗಾಗಿ ಬೇರಿಂಗ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಅದರ ಸೀಳಿನಲ್ಲಿ ಅರ್ಧ ಮಾತ್ರ ಕೂತಿತ್ತು. ಒಳ ಉಂಗುರದ ಹಾದಿಯಲ್ಲಿ ಸಮ ಅಂತರದಲ್ಲಿ ಚುಕ್ಕೆಗಳು, ಎಳ್ಳು ಒತ್ತಿದ ಗುರುತಿನ ಹಾಗೆ. ಉಗುರು ಆಡಿಸಿದರೆ ಒಂದೊಂದಕ್ಕೂ ತಡೆಯುತ್ತಿತ್ತು. ಎರಡು ಚುಕ್ಕೆಗಳ ನಡುವಿನ ಅಂತರ ಎರಡು ಗುಂಡುಗಳ ಅಂತರಕ್ಕೆ ಸರಿ ಹೊಂದುತ್ತಿತ್ತು. ಗ್ರೀಸು ಕಪ್ಪಾಗಿತ್ತು. ಗ್ರೈಂಡರ್ ತಾಗಿದ ಹಬ್ಬನ್ನೂ ಬದಲಿಸಬೇಕಾಯಿತು. ಮತ್ತೊಂದು ಹೊಸ ಬೇರಿಂಗನ್ನು ಪ್ರೆಸ್ಸಿನಲ್ಲಿ ಕೂರಿಸಲು ಅವರು ತೆಗೆದುಕೊಂಡಿದ್ದು ಕೆಲವು ನೂರು ರೂಪಾಯಿ ಅಷ್ಟೇ. ಕೆಲಸ ಮಾಡಿದವರು ಈಗ ನಮ್ಮ ಫೋನ್ ಎತ್ತುವುದಿಲ್ಲ.

ಮನೆಯಲ್ಲೇ ಮಾಡಿಸಬೇಕು ಅನ್ನುವವರು ನಕಲ್ ಬಿಚ್ಚುವವರೆಗೆ ಮಾತ್ರ ಅಂಗಳದಲ್ಲಿ ಮಾಡಿಸಿ. ನಕಲ್, ಹಬ್, ಹೊಸ ಬೇರಿಂಗ್, ಹೊಸ ಸರ್ಕ್ಲಿಪ್ ಒಂದು ಚೀಲಕ್ಕೆ ಹಾಕಿ ಹೈಡ್ರಾಲಿಕ್ ಪ್ರೆಸ್ ಇರುವಲ್ಲಿಗೆ ಒಯ್ದು, ಎದುರು ನಿಂತು ಮಾಡಿಸಿ. ಬೇರಿಂಗ್ ಬಿಲ್ ಇಲ್ಲದೆ ಕೊಳ್ಳಬೇಡಿ, ಡೂಪ್ಲಿಕೇಟ್ ಮಾಲು ಧಾರಾಳವಾಗಿದೆ. ಒಮ್ಮೆ ಹೊರಗೆ ತೆಗೆದ ಬೇರಿಂಗನ್ನು ವಾಪಸ್ ಹಾಕಲು ಬರುವುದಿಲ್ಲ, ಬರುತ್ತದೆ ಅನ್ನುವವರ ಮಾತು ಕೇಳಬೇಡಿ. ಆಕ್ಸಲ್ ನಟ್ ಹೊಸದೇ ಇರಲಿ. ಅದನ್ನು ಪಾನಾಕ್ಕೆ ಪೈಪು ಸಿಕ್ಕಿಸಿ ಅಂದಾಜಿನಲ್ಲಿ ಬಿಗಿಯುವುದಲ್ಲ, ನಿಮ್ಮ ಗಾಡಿಯ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು.  ಆಮೇಲೆ ಅಲೈನ್‌ಮೆಂಟ್ ಮಾಡಿಸಿ.

ಕೆಲವು ಕಾರುಗಳಲ್ಲಿ ಹಬ್ಬೂ ಬೇರಿಂಗೂ ಒಂದೇ ತುಂಡಾಗಿ ಬೋಲ್ಟಿನಲ್ಲಿ ಕೂರುತ್ತವೆ, ಹಿಂದಿನ ಚಕ್ರಗಳಲ್ಲಿ ಇದು ಜಾಸ್ತಿ. ಅದಕ್ಕೆ ಪ್ರೆಸ್ ಬೇಡ, ಅಂಗಳದಲ್ಲೇ ಆಗುತ್ತದೆ. ನಿಮ್ಮದು ಯಾವುದು ಅಂತ ಬಿಡಿಭಾಗದ ಅಂಗಡಿಯಲ್ಲಿ ಮೊದಲೇ ಕೇಳಿಕೊಳ್ಳಿ. ಬೇರಿಂಗ್ ಹಾಕಿಸಿದ ಬೆನ್ನಿಗೇ ಎಬಿಎಸ್ ದೀಪ ಹೊತ್ತಿ, ಸೆನ್ಸರ್ ಬದಲಿಸಿದರೂ ಆರದಿದ್ದರೆ ಹಳೆಯ ಸೆನ್ಸರನ್ನು ಎಸೆಯಬೇಡಿ. ನಮ್ಮದರಲ್ಲಿ ಈಗಲೂ ಇರುವುದು ಹಳೆಯ ಸೆನ್ಸರೇ, ಬೇರಿಂಗ್ ಸರಿಯಾಗಿ ಹಾಕಿಸಿದ ಮೇಲೆ ದೀಪ ಹೊತ್ತಿಲ್ಲ.