ಗೋಡೆಯ ಮೇಲಿನ ಫೋಟೊ, ಕೌಂಟರಿನ ಹಿಂದಿನ ಮುಖ: ವಿದ್ಯಾನಗರದ ಒಂದು ಔಷಧ ಅಂಗಡಿ

ದಾವಣಗೆರೆಯಲ್ಲಿ ಔಷಧ ಅಂಗಡಿಗಳಿಗೆ ಬರವಿಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಆಸುಪಾಸಿನಲ್ಲಿ, ಪಿ.ಜೆ. ಬಡಾವಣೆಯಲ್ಲಿ, ಎಂ.ಸಿ.ಸಿ. ಬ್ಲಾಕುಗಳಲ್ಲಿ ನಾಲ್ಕು ಹೆಜ್ಜೆಗೊಂದು ಸಿಗುತ್ತದೆ. ಆದರೆ ಮದ್ದು ಕೊಡುವ ಕೈ ಓದಿದ ಕೈಯೇ ಎಂದು ನೋಡಿಕೊಂಡು ಅಂಗಡಿ ಆರಿಸುವ ಬುದ್ಧಿ ನನಗೆ ಬಂದದ್ದು ಒಂದು ಎಡವಟ್ಟಿನ ನಂತರವೇ.

ನಮ್ಮ ತಾಯಿಯವರಿಗೆ ಥೈರಾಯ್ಡ್ ಮತ್ತು ಸಕ್ಕರೆ ಕಾಯಿಲೆ ಎರಡೂ ಇವೆ. ಎರಡು ವರ್ಷ ನಾವು ಹೋಗುತ್ತಿದ್ದ ಅಂಗಡಿಯಲ್ಲಿ ಒಂದು ದಿನ 50 ಮೈಕ್ರೋಗ್ರಾಮಿನ ಥೈರಾಯ್ಡ್ ಗುಳಿಗೆಯ ಬದಲು 100ರದ್ದನ್ನು ಕೊಟ್ಟಿದ್ದರು. ಮನೆಯಲ್ಲಿ ಡಬ್ಬಿಯ ಬಣ್ಣ ಬೇರೆಯಾಗಿ ಕಂಡದ್ದರಿಂದ ಬಚಾವಾದೆವು. ಹಿಂದಿರುಗಿಸಲು ಹೋದಾಗ, "ಕಂಪನಿ ಅದೇ ಅಲ್ರೀ, ಪವರ್ ಅಷ್ಟೇ ಬೇರೆ" ಎಂಬ ಉತ್ತರ ಬಂತು. ಆಗಲೇ ನಾನು ಗೋಡೆಯತ್ತ ಕಣ್ಣೆತ್ತಿದ್ದು. ಅಲ್ಲಿ ತೂಗುಹಾಕಿದ್ದ ಫಾರ್ಮಸಿಸ್ಟ್ ನೋಂದಣಿ ಪತ್ರದಲ್ಲಿದ್ದ ಮಹಿಳೆಯನ್ನು ಆ ಎರಡು ವರ್ಷಗಳಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ.

ಈಗ ಎಂಟು ತಿಂಗಳಿಂದ ನಾವು ಹೋಗುತ್ತಿರುವುದು ವಿದ್ಯಾನಗರದ ಒಳರಸ್ತೆಯೊಂದರ ಸಣ್ಣ ಅಂಗಡಿಗೆ. ಪ್ರಚಾರ ಬೇಡವೆಂದು ಅದರ ಮಾಲೀಕರೇ ಕೇಳಿಕೊಂಡದ್ದರಿಂದ ಹೆಸರು ಬರೆಯುತ್ತಿಲ್ಲ. ಮೊದಲ ದಿನವೇ ನಾನು ಸ್ವಲ್ಪ ಸಂಕೋಚದಿಂದ, ಲೈಸೆನ್ಸ್ ನೋಡಬಹುದೇ ಎಂದು ಕೇಳಿದೆ. ಅವರು ಬೇಸರಿಸಿಕೊಳ್ಳದೆ, ಅಡ್ಡವಾಗಿದ್ದ ಕ್ಯಾಲೆಂಡರನ್ನು ಸರಿಸಿ ತೋರಿಸಿದರು. (ಕ್ಯಾಲೆಂಡರ್ ಅಲ್ಲಿ ಇರಲೇಬಾರದಿತ್ತು, ಲೈಸೆನ್ಸ್ ಗಿರಾಕಿಗಳಿಗೆ ಎದ್ದು ಕಾಣುವಂತಿರಬೇಕೆಂಬುದು ನಿಯಮ. ಮುಂದಿನ ಸಲ ಹೋದಾಗ ಅದು ಬೇರೆ ಮೊಳೆಗೆ ಹೋಗಿತ್ತು.)

ಇಲ್ಲಿ ನೋಡಬೇಕಾದ ಕಾಗದಗಳು ಎರಡು ಬಗೆಯವು. ಬಹಳ ಜನ ಅವೆರಡನ್ನೂ ಒಂದೇ ಎಂದು ತಿಳಿದಿದ್ದಾರೆ. ಚಿಲ್ಲರೆ ಮಾರಾಟದ ಲೈಸೆನ್ಸ್ ಅಂಗಡಿಗೆ ಸಂಬಂಧಿಸಿದ್ದು: ಸಾಮಾನ್ಯ ಔಷಧಗಳಿಗೆ ನಮೂನೆ 20, ಇನ್ಸುಲಿನ್ ಮತ್ತು ಲಸಿಕೆಗಳಂಥವಕ್ಕೆ ನಮೂನೆ 21. ನೋಂದಣಿ ಪತ್ರವಾದರೋ ವ್ಯಕ್ತಿಗೆ ಸೇರಿದ್ದು. ಅದನ್ನು ಕೊಡುವುದು ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು. ವೈದ್ಯರ ಚೀಟಿಗೆ ಔಷಧ ಕೊಡುವವರು ನೋಂದಾಯಿತ ಫಾರ್ಮಸಿಸ್ಟರೇ ಆಗಿರಬೇಕೆಂದು 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಹೇಳುತ್ತದೆ. ಲೈಸೆನ್ಸಿನಲ್ಲಿ ಅಂಗಡಿಯ ಹೊಣೆ ಹೊತ್ತ ಅರ್ಹ ವ್ಯಕ್ತಿಯ ಹೆಸರೂ ಇರುತ್ತದೆ. ಆ ಹೆಸರು, ನೋಂದಣಿ ಪತ್ರದ ಹೆಸರು, ಬಿಳಿ ಕೋಟಿನ ಮೇಲಿನ ಬಿಲ್ಲೆಯ ಹೆಸರು ಮೂರೂ ಇಲ್ಲಿ ಒಂದೇ ಆಗಿದ್ದವು. ಫೋಟೊದಲ್ಲಿ ತಲೆ ತುಂಬ ಕೂದಲಿತ್ತು, ಈಗಿಲ್ಲ; ವ್ಯಕ್ತಿ ಮಾತ್ರ ಅವರೇ. ಅಷ್ಟಕ್ಕೇ ಬಿಡದೆ ನೋಂದಣಿ ಸಂಖ್ಯೆಯನ್ನು ಬರೆದುಕೊಂಡು ಪರಿಷತ್ತಿನಲ್ಲಿ ವಿಚಾರಿಸಿದೆ, ನೋಂದಣಿ ಚಾಲ್ತಿಯಲ್ಲಿತ್ತು.

ಓದಿದವರು ಕೌಂಟರಿನಲ್ಲಿದ್ದರೆ ಆಗುವ ವ್ಯತ್ಯಾಸ ಎರಡನೆಯ ತಿಂಗಳು ತಿಳಿಯಿತು. ಫಾರ್ಮಸಿಸ್ಟರು ಚೀಟಿ ನೋಡಿ, ಗುಳಿಗೆ ತೆಗೆಯುವ ಮೊದಲು ನಮ್ಮ ತಾಯಿಯನ್ನೇ, "ಕ್ಯಾಲ್ಸಿಯಂ ಗುಳಿಗೆ ಯಾವಾಗ ತಗಂತೀರಮ್ಮ?" ಎಂದು ಕೇಳಿದರು. ಬೆಳಿಗ್ಗೆ ಅದನ್ನೂ ಥೈರಾಯ್ಡ್ ಗುಳಿಗೆಯನ್ನೂ ಒಟ್ಟಿಗೇ ನುಂಗುತ್ತೇನೆಂದು ತಾಯಿ ಹೇಳಿದರು. ಕ್ಯಾಲ್ಸಿಯಂ ಜೊತೆಗಿದ್ದರೆ ಥೈರಾಯ್ಡ್ ಔಷಧ ಮೈಗೆ ಸರಿಯಾಗಿ ಹತ್ತುವುದಿಲ್ಲ, ಅದನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡು ಕನಿಷ್ಠ ನಾಲ್ಕು ತಾಸು ಬಿಟ್ಟು ಕ್ಯಾಲ್ಸಿಯಂ ನುಂಗಬೇಕು ಎಂದು ವಿವರಿಸಿ, ಡಬ್ಬಿಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ ಒಂದಕ್ಕೆ ಸೂರ್ಯನನ್ನೂ ಇನ್ನೊಂದಕ್ಕೆ ಊಟದ ತಟ್ಟೆಯನ್ನೂ ಬರೆದುಕೊಟ್ಟರು. ಅಕ್ಷರ ಬಾರದ ನಮ್ಮ ತಾಯಿ ಈಗ ಯಾರನ್ನೂ ಕೇಳುವುದಿಲ್ಲ.

ಇನ್ಸುಲಿನ್ ಇಡುವ ಫ್ರಿಜ್ಜಿನಲ್ಲಿ ಥರ್ಮಾಮೀಟರ್ ಇದೆ. 2ರಿಂದ 8 ಡಿಗ್ರಿಯೊಳಗೆ ಇದೆಯೇ ಎಂದು ನೋಡಿ ಬರೆದಿಡುತ್ತಾರೆ. ಬಿಡಿ ಗುಳಿಗೆ ಕೇಳಿದರೆ, ಅವಧಿ ಮುಗಿಯುವ ದಿನಾಂಕ ಉಳಿಯುವಂತೆ ಸ್ಟ್ರಿಪ್ ಕತ್ತರಿಸುತ್ತಾರೆ. ಕೇಳದೆಯೇ ಬಿಲ್ ಕೊಡುತ್ತಾರೆ, ಅದರಲ್ಲಿ ಬ್ಯಾಚ್ ಸಂಖ್ಯೆ ಇರುತ್ತದೆ. ಎಚ್1 ಪಟ್ಟಿಯ (ಮಾರಾಟದ ಲೆಕ್ಕ ಬೇರೆಯಾಗಿ ಇಡಬೇಕಾದ ಔಷಧಗಳ ಸರ್ಕಾರಿ ಪಟ್ಟಿ) ಆ್ಯಂಟಿಬಯಾಟಿಕ್ ಆದರೆ ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ರಿಜಿಸ್ಟರಿಗೆ ಏರಿಸುತ್ತಾರೆ. ಆ ರಿಜಿಸ್ಟರನ್ನು ಮೂರು ವರ್ಷ ಇಡಬೇಕಂತೆ. ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಕೇಳಿ ಬಂದ ನನ್ನ ತಮ್ಮನನ್ನು ಬರಿಗೈಯಲ್ಲಿ ಕಳಿಸಿದರೆಂದು ಅವನಿಗೆ ಇಂದಿಗೂ ಸಿಟ್ಟಿದೆ.

ಕೊರತೆಗಳೂ ಇವೆ. ಬೇರೆಡೆ ಬೋರ್ಡು ಹಾಕಿ ಕೊಡುವ ರಿಯಾಯಿತಿ ಇಲ್ಲಿಲ್ಲ, ಹಾಗಾಗಿ ತಿಂಗಳ ಬಿಲ್ಲು ನಮಗೆ ತುಸು ಹೆಚ್ಚೇ ಬರುತ್ತದೆ. ಒಬ್ಬೊಬ್ಬರೊಡನೆ ಮಾತಾಡುವುದರಿಂದ ಸಂಜೆ ಏಳರ ನಂತರ ಅರ್ಧ ಗಂಟೆ ನಿಲ್ಲಬೇಕಾಗುತ್ತದೆ, ಕೂರಲು ಇರುವುದು ಒಂದೇ ಸ್ಟೂಲು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅವರು ಊಟಕ್ಕೆ ಹೋದಾಗ ಅಂಗಡಿಯ ಹುಡುಗ ಹತ್ತಿ, ಬ್ಯಾಂಡೇಜು, ಸೋಪು ಕೊಡುತ್ತಾನೆಯೇ ಹೊರತು ಚೀಟಿಯ ಔಷಧಕ್ಕೆ ಕೈ ಹಾಕುವುದಿಲ್ಲ. ಹರಿಹರದಿಂದ ಬಸ್ಸಿನಲ್ಲಿ ಬಂದಿದ್ದ ಹಿರಿಯರೊಬ್ಬರು ಒಮ್ಮೆ ಇದಕ್ಕಾಗಿ ಅವನನ್ನು ಬೈಯುತ್ತಿದ್ದರು. ಹುಡುಗ ಅವರಿಗೆ ಆ ಸ್ಟೂಲು ಹಾಕಿ ನೀರು ಕೊಟ್ಟು, "ಸರ್ ಬರೋದು ನಾಲ್ಕಕ್ಕೆ, ಕುಂದರ್ರಿ ಅಜ್ಜಾರೇ" ಎಂದ.