ರೆಕಾರ್ಡೆಡ್ ಪಾಠವೋ, ನೇರ ತರಗತಿಯೋ? ಕೆಲಸದ ಜೊತೆ ಓದುವ ಆಕ್ಯುಪೇಷನಲ್ ಥೆರಪಿಸ್ಟ್‌ಗಳಿಗೆ

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಕಾಯಿಲೆ, ಅಂಗವೈಕಲ್ಯ ಇರುವವರು ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ನೆರವಾಗುವುದು ನನ್ನ ಕೆಲಸ. 11 ವರ್ಷ ಕ್ಲಿನಿಕ್‌ನಲ್ಲಿ ದುಡಿದ ಮೇಲೆ ಮತ್ತೆ ಓದಬೇಕು ಅನ್ನಿಸಿತು. ಕೆಲಸ ಬಿಡುವ ಹಾಗಿರಲಿಲ್ಲ, ಹಾಗಾಗಿ ಆನ್‌ಲೈನ್ ದಾರಿಯೇ ಉಳಿದಿದ್ದು. ಆದರೆ ಒಂದೇ ಸಲ ಪೂರ್ತಿ ಒಟಿಡಿ (ಆಕ್ಯುಪೇಷನಲ್ ಥೆರಪಿಯ ಡಾಕ್ಟರೇಟ್) ಡಿಗ್ರಿಗೆ ಸೇರಲಿಲ್ಲ. ಎರಡು ಕಡೆ ಒಂದೊಂದು ಪೇಪರ್ ಮಾತ್ರ ತಗೊಂಡು ನೋಡಿದೆ. ಒಂದರಲ್ಲಿ ಎಲ್ಲವೂ ರೆಕಾರ್ಡೆಡ್ ಪಾಠ, ಬಿಡುವಾದಾಗ ನೋಡಿಕೊಳ್ಳಬಹುದು. ಇನ್ನೊಂದರಲ್ಲಿ ವಾರಕ್ಕೆ ಎರಡು ಸಂಜೆ ನೇರ ತರಗತಿ, ಒಟ್ಟು 14 ಜನ. ಎಲ್ಲರೂ ಕೆಲಸದಲ್ಲಿರುವ ಥೆರಪಿಸ್ಟ್‌ಗಳೇ.

ಹೋಲಿಕೆಗೆ ಮೊದಲು ಒಂದು ಮಾತು. ಒಟಿಡಿ ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ಕೋರ್ಸ್‌ಗಳಿವೆ. ಎಂಟ್ರಿ ಲೆವೆಲ್ ಅಂದರೆ ಈ ವೃತ್ತಿಗೆ ಹೊಸದಾಗಿ ಬರುವವರಿಗೆ. ಪೋಸ್ಟ್ ಪ್ರೊಫೆಷನಲ್ ಅಂದರೆ ನಮ್ಮಂಥವರಿಗೆ, ಆಗಲೇ ಥೆರಪಿಸ್ಟ್ ಆಗಿರುವವರಿಗೆ. ಅಮೆರಿಕದಲ್ಲಿ ಎಸಿಒಟಿಇ ಅನ್ನುವ ಸಂಸ್ಥೆ ಆಕ್ಯುಪೇಷನಲ್ ಥೆರಪಿ ಕೋರ್ಸ್‌ಗಳನ್ನು ಪರಿಶೀಲಿಸುತ್ತದೆ. ಅದು ಮಾನ್ಯತೆ ಕೊಡುವುದು ವೃತ್ತಿಗೆ ಪ್ರವೇಶ ಕೊಡುವ ಕೋರ್ಸ್‌ಗಳಿಗೆ. ಆದ್ದರಿಂದ ಪೋಸ್ಟ್ ಪ್ರೊಫೆಷನಲ್ ಕೋರ್ಸ್‌ಗೆ ಆ ಮುದ್ರೆ ಇಲ್ಲ ಅಂತ ಗಾಬರಿಯಾಗಬೇಡಿ, ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆಯಾ ನೋಡಿ. ಹಾಗೆಯೇ ಈ ಡಿಗ್ರಿ ಕೈಗೆ ಬಂತು ಅಂತ ಬೇರೆ ದೇಶದ ಲೈಸೆನ್ಸ್ ತಾನಾಗಿ ಸಿಗುವುದಿಲ್ಲ. ಇಷ್ಟು ಗೊತ್ತಿಲ್ಲದೆ ದುಡ್ಡು ಕಟ್ಟಿದವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ.

ರೆಕಾರ್ಡೆಡ್ ಕೋರ್ಸ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಸ್ಟಾಟಿಸ್ಟಿಕ್ಸ್. ಪಿ ವ್ಯಾಲ್ಯೂ ಅಂದರೆ, ಚಿಕಿತ್ಸೆಗೆ ಪರಿಣಾಮವೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಾಧ್ಯತೆ ಎಷ್ಟು ಅಂತ ಹೇಳುವ ಅಂಕಿ. ಅದು ಸಣ್ಣದಾಗಿದ್ದ ಮಾತ್ರಕ್ಕೆ ಚಿಕಿತ್ಸೆಯ ಪರಿಣಾಮ ದೊಡ್ಡದು ಅಂತ ಅಲ್ಲ. ಇದು ತಲೆಗೆ ಹೋಗಲು ಒಂದೇ ಪಾಠವನ್ನು ನಾಲ್ಕು ಸಲ ಹಿಂದೆ ಮುಂದೆ ಓಡಿಸಿ ನೋಡಿದೆ. ನೇರ ತರಗತಿಯಲ್ಲಿ ನಾಲ್ಕು ಸಲ ಕೈ ಎತ್ತಿ ಕೇಳಲು ಧೈರ್ಯ ಬರುತ್ತಿತ್ತಾ? ನನಗಂತೂ ಇಲ್ಲ. ಶಿಫ್ಟ್ ಬದಲಾಗುತ್ತಲೇ ಇರುವವರಿಗೂ ಇದೇ ಅನುಕೂಲ.

ಆದರೆ ಉಳಿದ ಭಾಗ ಒಣಗಿದಂತಿತ್ತು. ವಾರಕ್ಕೊಂದು ಬರಹ ಹಾಕಬೇಕು, ಇಬ್ಬರ ಬರಹಕ್ಕೆ ಉತ್ತರ ಬರೆಯಬೇಕು. ಕೊನೇ ಗಳಿಗೆಯಲ್ಲಿ ಎಲ್ಲರೂ ಬಂದು ಎರಡು ಸಾಲು ಹೊಗಳಿ ಹೋಗುತ್ತಿದ್ದರು, ನಾನೂ ಹಾಗೇ ಮಾಡಿದೆ. ಕೀಲ್‌ಹಾಫ್ನರ್ ಅವರ ಮಾಡೆಲ್ ಆಫ್ ಹ್ಯೂಮನ್ ಆಕ್ಯುಪೇಷನ್ (ಜನ ದಿನನಿತ್ಯದ ಕೆಲಸಗಳನ್ನು ಯಾಕೆ, ಹೇಗೆ ಮಾಡುತ್ತಾರೆ ಅಂತ ವಿವರಿಸುವ ಸಿದ್ಧಾಂತ) ಮೇಲಿನ ಕ್ವಿಜ್‌ನಲ್ಲಿ ಪೂರ್ತಿ ಅಂಕ ಬಂತು. ಕ್ಲಿನಿಕ್‌ನಲ್ಲಿ ನಾನು ಮಾಡುವ ಕೆಲಸ ಮಾತ್ರ ಒಂದಿಷ್ಟೂ ಬದಲಾಗಲಿಲ್ಲ.

ನೇರ ತರಗತಿಯಲ್ಲಿ ಮೂರನೇ ವಾರವೇ ನಮ್ಮ ನಮ್ಮ ಕೇಸ್ ತರಲು ಹೇಳಿದರು, ಗುರುತು ಸಿಗುವ ವಿವರ ಎಲ್ಲ ತೆಗೆದು. ನಾನು ಪಾರ್ಶ್ವವಾಯು ಆಗಿ ಬಲಗೈ ಸೋತಿದ್ದ ಹಿರಿಯರೊಬ್ಬರ ಕೇಸ್ ಹೇಳಿದೆ. ಆರು ವಾರದಿಂದ ಅಂಗಿಯ ಗುಂಡಿ ಹಾಕುವುದನ್ನು ಅಭ್ಯಾಸ ಮಾಡಿಸುತ್ತಿದ್ದೆ. ಮಕ್ಕಳ ಶಾಲೆಯಲ್ಲಿ ಕೆಲಸ ಮಾಡುವ ಸಹಪಾಠಿಯೊಬ್ಬರು ಕೇಳಿದರು: "ಗುಂಡಿ ಅವರಿಗೆ ಮುಖ್ಯ ಅಂತ ಅವರೇ ಹೇಳಿದ್ರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ತನಗೆ ಯಾವ ಕೆಲಸ ಮುಖ್ಯ, ಅದನ್ನು ಎಷ್ಟು ಚೆನ್ನಾಗಿ ಮಾಡುತ್ತೇನೆ ಅಂತ ಪೇಷಂಟ್ ತಾವೇ ಅಂಕ ಕೊಡುವ ಸಿಒಪಿಎಂ ಅನ್ನುವ ಫಾರಂ ಇದೆ. ಅದರ ಆ ಭಾಗವನ್ನು ನಾನೇ ತುಂಬಿದ್ದೆ. ಆ ಹಿರಿಯರು ಸುಮ್ನೆ ತಲೆಯಾಡಿಸಿದ್ದರು, ಅಷ್ಟೇ.

ಮಾರನೇ ದಿನ ಫಾರಂ ಮುಂದಿಟ್ಟು ಮೊದಲಿಂದ ಕೇಳಿದೆ. "ಗುಂಡಿ ನನ್ನ ಹೆಂಡತಿ ಹಾಕ್ತಾಳೆ ಬಿಡಮ್ಮ. ಮನೆ ಬೀಗ ನಾನೇ ತೆಗೀಬೇಕು" ಅಂದರು. ಎಷ್ಟು ಮುಖ್ಯ ಅಂತ ಕೇಳಿದ್ದಕ್ಕೆ ಗುಂಡಿಗೆ 10ರಲ್ಲಿ 3, ಬೀಗಕ್ಕೆ 10. ಕೀಲಿಯ ಹಿಡಿಯನ್ನು ದಪ್ಪ ಮಾಡಿ, ಮಣಿಕಟ್ಟು ತಿರುಗಿಸುವುದರ ಮೇಲೆ ಕೆಲಸ ಶುರು ಮಾಡಿದೆವು. ಬೀಗವನ್ನು ಎಷ್ಟು ಚೆನ್ನಾಗಿ ತೆಗೆಯುತ್ತೇನೆ ಅನ್ನುವುದಕ್ಕೆ ಅವರೇ ಕೊಟ್ಟುಕೊಂಡ ಅಂಕ 2ರಿಂದ 5ಕ್ಕೆ ಬಂತು. ಸಿಒಪಿಎಂನಲ್ಲಿ 2 ಅಂಕ ಏರಿದರೇ ಗಮನಿಸಬೇಕಾದ ಬದಲಾವಣೆ ಅನ್ನುತ್ತಾರೆ. ಕೀಲ್‌ಹಾಫ್ನರ್ ಅವರ ಆ ಮಾಡೆಲ್‌ನಲ್ಲಿ 'ವೊಲಿಷನ್', ಅಂದರೆ ವ್ಯಕ್ತಿಗೆ ಯಾವುದು ಮುಖ್ಯ, ಯಾವುದು ಇಷ್ಟ ಅನ್ನುವುದನ್ನು, ಯಾಕೆ ಇಟ್ಟಿದ್ದಾರೆ ಅಂತ ಅವತ್ತು ಅರ್ಥವಾಯಿತು. ನಾನು ಪೂರ್ತಿ ಡಿಗ್ರಿಗೆ ಆ ಕೋರ್ಸನ್ನೇ ಆರಿಸಿಕೊಂಡಿದ್ದು ಇದೊಂದೇ ಕಾರಣಕ್ಕೆ.

ಕಷ್ಟವೂ ಜಾಸ್ತಿ. ರೆಕಾರ್ಡೆಡ್ ಪೇಪರ್‌ಗೆ ವಾರಕ್ಕೆ 8 ಗಂಟೆ ಸಾಕಾಗಿತ್ತು, ಇದಕ್ಕೆ 12 ಬೇಕಾಯಿತು. ಸಂಜೆ ಕೊನೆಯ ಪೇಷಂಟ್ ತಡವಾದರೆ ತರಗತಿಯ ಮೊದಲ ಭಾಗ ಹೋಯಿತು ಅಂತಲೇ. ಬೇರೆ ದೇಶದ ಕೋರ್ಸ್ ಆದರೆ ಅವರ ಸಂಜೆ ನಮಗೆ ಎಷ್ಟು ಹೊತ್ತಿಗೆ ಬೀಳುತ್ತದೆ ಅಂತ ಮೊದಲೇ ಲೆಕ್ಕ ಹಾಕಿ. ಕ್ಯಾಪ್‌ಸ್ಟೋನ್ ಪ್ರಾಜೆಕ್ಟ್ (ಡಿಗ್ರಿಯ ಕೊನೆಯ ದೊಡ್ಡ ಪ್ರಾಜೆಕ್ಟ್) ಮಾಡುವಾಗ ನಾನು ಸಿಕ್ಕಿಬಿದ್ದಿದ್ದು ಎಥಿಕ್ಸ್ ಕಮಿಟಿ ಅನುಮತಿಯಲ್ಲಿ. ಪೇಷಂಟ್‌ಗಳ ಮೇಲಿನ ಅಧ್ಯಯನ ನೈತಿಕವಾಗಿ ಸರಿಯಾಗಿದೆಯಾ ಅಂತ ನೋಡುವ ಸಮಿತಿ ಅದು. ನಾನು ಕೆಲಸ ಮಾಡುವ ಕಡೆ ಅನುಮತಿ ಬರಲು ಮೂರೂವರೆ ತಿಂಗಳಾಯಿತು. ಕೋರ್ಸ್‌ನ ಗಡುವು ಮಾತ್ರ ಕಾಯಲಿಲ್ಲ, ಒಂದು ಟರ್ಮ್ ಹೆಚ್ಚಿಗೆ ಫೀಸ್ ಕಟ್ಟಿದೆ. ಪ್ರಾಜೆಕ್ಟ್ ವಿಷಯ ಗಟ್ಟಿಯಾಗುವ ಮೊದಲೇ ಕಮಿಟಿಯವರ ಹತ್ತಿರ ಒಮ್ಮೆ ಮಾತಾಡಿ. ಸೇವೆ ಸುಧಾರಣೆಯ ಪ್ರಾಜೆಕ್ಟ್‌ಗೂ ಸಂಶೋಧನೆಗೂ ಅವರು ಬೇರೆ ಬೇರೆ ಫಾರಂ ಕೇಳಬಹುದು.

ಪಿಎಚ್‌ಡಿ ಯಾಕೆ ಬೇಡ ಅಂತ ಕೆಲವರು ಕೇಳುತ್ತಾರೆ. ಅದರ ಗುರಿಯೇ ಬೇರೆ, ಅದು ಸಂಶೋಧಕರನ್ನು ತಯಾರು ಮಾಡುವ ಡಿಗ್ರಿ. ಒಬ್ಬ ಗೈಡ್ ಜೊತೆ ನಾಲ್ಕು ತಿಂಗಳು ಪ್ರೊಪೋಸಲ್ ಬರೆದು ನೋಡಿದೆ. ಆ ಕೆಲಸ ಚೆನ್ನಾಗಿಯೇ ಇತ್ತು, ಆದರೆ ನನ್ನ ಮನಸ್ಸು ಪೇಷಂಟ್ ಹತ್ತಿರ ಇತ್ತು. ಪೂರ್ತಿಯಾಗಿ ಸಂಶೋಧನೆ ಮಾಡಬೇಕು ಅನ್ನುವವರು ಒಟಿಡಿಗಿಂತ ಅದನ್ನೇ ಹಿಡಿಯುವುದು ಒಳ್ಳೆಯದು.

ನೀವೂ ನನ್ನ ಹಾಗೆ ಒಂದೊಂದು ಪೇಪರ್ ತಗೊಂಡು ನೋಡುವುದಾದರೆ, ಆಮೇಲೆ ಡಿಗ್ರಿಗೆ ಸೇರಿದಾಗ ಅದರ ಕ್ರೆಡಿಟ್ ಸೇರಿಸಿಕೊಳ್ಳುತ್ತಾರಾ ಅಂತ ಕೇಳಿ ಬರಹದಲ್ಲೇ ಪಡೆಯಿರಿ. ನನಗೆ ಫೋನ್‌ನಲ್ಲಿ ಹೂಂ ಅಂದಿದ್ದರು, ಆಮೇಲೆ ಮೂರು ಇಮೇಲ್ ಬರೆಯಬೇಕಾಯಿತು.