ಲ್ಯಾಮಿಂಗ್ಟನ್ ರೋಡಿನ ಸ್ಟೀರಿಯೋ: 44 ವರ್ಷ ಬಳಸಿದ ಮೇಲೆ

ಇದಕ್ಕೆ ಕಂಪನಿ ಹೆಸರಿಲ್ಲ. 1981ರಲ್ಲಿ ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಹೇಳಿ ಮಾಡಿಸಿದ ಆಂಪ್ಲಿಫೈಯರ್, ಸಾಗವಾನಿಯ ಎರಡು ಸ್ಪೀಕರ್ ಪೆಟ್ಟಿಗೆ, ಚೋರ್ ಬಜಾರಿನಿಂದ ತಂದ ಹಳೇ ಟರ್ನ್‌ಟೇಬಲ್. ಎಲ್ಲ ಸೇರಿ 1,400 ರೂಪಾಯಿ. ನಾನಾಗ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಹಗಲು ಗಲ್ಲಾದಲ್ಲಿ ಕೂರುತ್ತಿದ್ದೆ, ರಾತ್ರಿ ಕಾಲೇಜಿಗೆ ಹೋಗುತ್ತಿದ್ದೆ. ನಾಲ್ಕು ತಿಂಗಳ ಸಂಬಳ ಹೋಯಿತು. ಊರಿಗೆ ಕಳಿಸುವ ಮನಿಯಾರ್ಡರು ಎರಡು ಸಲ ತಪ್ಪಿತು. ಅಪ್ಪ ಬೈದು ಬರೆದ ಕಾಗದ ಇನ್ನೂ ಇದೆ.

ಆಂಪ್ಲಿಫೈಯರಿನ ಒಳಗೆ 2ಎನ್3055 ಟ್ರಾನ್ಸಿಸ್ಟರು ನಾಲ್ಕು, ಉಕ್ಕಿನ ಟೋಪಿ ಹಾಕಿಕೊಂಡ ಹಾಗೆ ಕಾಣುತ್ತವೆ. ಅಂಗಡಿಯವನು ಒಂದೊಂದು ಪೆಟ್ಟಿಗೆಗೆ 20 ವ್ಯಾಟ್ ಅಂದಿದ್ದ. ಪರೀಕ್ಷೆ ಮಾಡುವ ಅವಕಾಶವೇ ಬರಲಿಲ್ಲ. ಮುಂಬೈ ಲಾಲ್‌ಬಾಗಿನ ನಮ್ಮ ಚಾಳಿನಲ್ಲಿ (ಒಂದೇ ಗ್ಯಾಲರಿಗೆ ಸಾಲಾಗಿ ಒಂದೊಂದೇ ಕೋಣೆಯ ಮನೆಗಳು) ನಾಬನ್ನು ಕಾಲುಭಾಗ ತಿರುಗಿಸಿದರೆ ಸಾಕು, ಆಚೆ ಗೋಡೆಯಿಂದ ಲಟ್ಟಣಿಗೆಯ ಏಟು ಬೀಳುತ್ತಿತ್ತು.

ಮೊದಲ ನಿರಾಸೆ ನನ್ನದೇ ದಡ್ಡತನದಿಂದ. ನನ್ನ ಬಳಿ ಇದ್ದ ಹಳೇ ರೆಕಾರ್ಡುಗಳೆಲ್ಲ ಮೋನೋ. ಎರಡೂ ಪೆಟ್ಟಿಗೆಯಲ್ಲಿ ಒಂದೇ ಸದ್ದು! ಇದಕ್ಕಾ ಇಷ್ಟು ದುಡ್ಡು ಅಂತ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಮರುದಿನ ಹೋಟೆಲಿನಿಂದ ಕಾಲಾ ಘೋಡಾಕ್ಕೆ ನಡೆದುಕೊಂಡೇ ಹೋಗಿ, ರಿದಮ್ ಹೌಸಿನಲ್ಲಿ ಲೇಬಲ್ ಮೇಲೆ ಸ್ಟೀರಿಯೋ ಅಂತ ಇದ್ದ ಒಂದು ಸಿತಾರ್ ಎಲ್‌ಪಿ ಆರಿಸಿದೆ. ಕೊಳ್ಳುವ ಮೊದಲು ಅಲ್ಲೇ ಕೇಳಲೂ ಬಿಡುತ್ತಿದ್ದರು. 2016ರಲ್ಲಿ ಆ ಅಂಗಡಿ ಮುಚ್ಚಿತು.

ಆದರೆ ಹತ್ತಡಿ ಹನ್ನೆರಡಡಿ ಖೋಲಿ, ಅದರಲ್ಲಿ ನಾವು ಐದು ಜನ ಹುಡುಗರು. ಎರಡು ಪೆಟ್ಟಿಗೆ ದೂರ ದೂರ ಇಡುವುದೆಲ್ಲಿ? ಅಷ್ಟರಲ್ಲಿ 1982ರ ಜನವರಿ ಬಂತು, ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಚಾಳಿನ ಗಂಡಸರೆಲ್ಲ ಕೆಲಸವಿಲ್ಲದೆ ಗ್ಯಾಲರಿಯಲ್ಲಿ ಕೂರುವವರೇ. ಪಕ್ಕದ ಖೋಲಿಯ ಆಜಿ (ಮರಾಠಿ ಅಜ್ಜಿ) ಬಂದು, ನೀವೇ ಬಾಗಿಲು ಹಾಕಿ ಕೇಳುವುದೇನು, ನಮಗೂ ಸ್ವಲ್ಪ ಕೇಳಿಸಿ ಅಂದರು. ಬಲಗಡೆಯ ಪೆಟ್ಟಿಗೆಗೆ ಉದ್ದ ವಯರು ಜೋಡಿಸಿ ಗ್ಯಾಲರಿಯ ಸ್ಟೂಲಿನ ಮೇಲೆ ಇಟ್ಟೆವು. ಎಡಗಡೆಯದ್ದು ಖೋಲಿಯೊಳಗೆ, ಅಕ್ಕಿ ಡಬ್ಬದ ಮೇಲೆ.

ಆ ಸಿತಾರ್ ರೆಕಾರ್ಡಿನಲ್ಲಿ ತಬಲಾ ಬಲಗಡೆಗೆ. ಆಜಿ ಹೊರಗಿನಿಂದ ಕೂಗಿದರು: 'ಅರೇ, ಫಕ್ತ ತಬಲಾ ಯೇತೋಯ್!' (ಬರೀ ತಬಲಾ ಬರ್ತಿದೆ!) ನಾವು ಒಳಗೆ ಸಿತಾರ್ ಮಾತ್ರ ಕೇಳುತ್ತಾ ಕೂತಿದ್ದೆವು. ಆಮೇಲೆ ಮೋನೋ ರೆಕಾರ್ಡುಗಳಿಗೇ ಬೆಲೆ ಬಂತು. ಭೀಮಸೇನ ಜೋಶಿಯವರ ಅಭಂಗ ಹಾಕಿದರೆ ಇಡೀ ಮಾಳಿಗೆ ಸುಮ್ಮನಾಗುತ್ತಿತ್ತು. ಗದಗದವರು ಅಂತ ನಾನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಪುಣೆಯವರು ಅಂತಲೇ ವಾದ.

ಕೊರತೆ ಹೇಳಬೇಕಲ್ವಾ. ಟರ್ನ್‌ಟೇಬಲ್ ತಿರುಗುವುದು ಒಂದು ರಬ್ಬರ್ ಚಕ್ರದಿಂದ. ಓಡುತ್ತಿರುವಾಗಲೇ ಪ್ಲಗ್ ಕಿತ್ತರೆ ಚಕ್ರ ಒತ್ತಿಕೊಂಡೇ ಉಳಿದು ತಗ್ಗು ಬೀಳುತ್ತದೆ, ಆಮೇಲೆ ಗುಡುಗುಡು ಸದ್ದು. ಸೂಜಿ ಹಾರಿದರೆ ಅದರ ತಲೆ ಮೇಲೆ ನಾಲ್ಕಾಣೆ ಇಡುತ್ತಿದ್ದೆವು. ಹಾರುವುದು ನಿಲ್ಲುತ್ತಿತ್ತು, ರೆಕಾರ್ಡು ಸವೆಯುತ್ತಿತ್ತು. ಮಳೆಗಾಲದಲ್ಲಿ ರೆಕಾರ್ಡಿಗೆ ಬೂಷ್ಟು ಹಿಡಿಯುವುದು ಬೇರೆ.

ಹೋದ ವರ್ಷ ಹಮ್, ಅಂದರೆ ಹಾಡಿನ ಹಿಂದೆ ಗುಂಯ್ ಅನ್ನುವ ಸದ್ದು, ಜಾಸ್ತಿಯಾಯಿತು. ಲ್ಯಾಮಿಂಗ್ಟನ್ ರೋಡಿನಲ್ಲಿ ಈಗೆಲ್ಲ ಸಿಸಿಟಿವಿ, ಲ್ಯಾಪ್‌ಟಾಪ್ ಸಾಮಾನು. ಮೊದಲು ಕೊಟ್ಟ ಕಡೆ ಎರಡು ತಿಂಗಳು ಇಟ್ಟುಕೊಂಡು, ಒಂದು ನಾಬ್ ಕಳೆದು ವಾಪಸು ಕೊಟ್ಟರು. ಎರಡನೆಯವರು ಒಣಗಿದ ಕೆಪಾಸಿಟರುಗಳನ್ನು ಬದಲಿಸಿ, ನಾಬಿನ ಕರಕರಕ್ಕೆ ಸ್ಪ್ರೇ ಹೊಡೆದರು. ಹಮ್ ಹೋಯಿತು. ಟ್ರಾನ್ಸಿಸ್ಟರು ನಾಲ್ಕೂ ಹಳೆಯವೇ. ಐದು ಪಿನ್ನಿನ ಹಳೇ ಸಾಕೆಟ್ ಮಾತ್ರ ಬದಲಿಸಬೇಡಿ ಅಂದಿದ್ದೆ. ಸುಮ್ನೆ, ಮೋಹ. ಹೊಸಬರು ಇಂಥದ್ದನ್ನು ಹುಡುಕಿಕೊಂಡು ಹೋಗಬೇಡಿ. ರಿಪೇರಿ ಬಲ್ಲವರು ಪರಿಚಯವಿದ್ದರೆ ಮಾತ್ರ ಕೊಳ್ಳಿ.

ಈಗ ಡೊಂಬಿವಿಲಿಯ ಫ್ಲ್ಯಾಟಿನ ಹಾಲಿನಲ್ಲಿ ಪೆಟ್ಟಿಗೆಗಳನ್ನು ಎಂಟಡಿ ದೂರ ಇಟ್ಟು, ಮಧ್ಯೆ ಕುರ್ಚಿ ಹಾಕಿ ಕೂತು, ಅದೇ ಸಿತಾರ್ ಹಾಕಿದೆ. ಎಡಕ್ಕೆ ಸಿತಾರ್, ಬಲಕ್ಕೆ ತಬಲಾ, ಹಿಂದೆಲ್ಲೋ ತಂಬೂರಿ. ಇಷ್ಟು ವರ್ಷದಲ್ಲಿ ಮೊದಲ ಸಲ.

ಒಂದು ಬದಿ ಮುಗಿದಿರಲಿಲ್ಲ. ಒಳಗಿನಿಂದ ಹೆಂಡತಿ ಅಂದಳು: 'ಒಂದು ಪೆಟ್ಟಿಗೆ ಅಡಿಗೆಮನೆಯಲ್ಲಿಡಿ ಮಾರಾಯ್ರೆ, ನಂಗೂ ಕೇಳ್ಲಿ.'

ಬಲಗಡೆಯದ್ದು ಈಗ ಫ್ರಿಜ್ಜಿನ ಮೇಲಿದೆ.